ಎರಿ ಹೊಲದಾಗ ಇಳಿಯದ ವಿಮಾನ

ಚಿಂಚೋಳಿ ತಾಲೂಕಿನ ಚಿಮ್ಮನಚೋಡ ಕಡೆ, ನಿಜಾಮನ ಪರ ನಿಂತಿದ್ದ ರಜಾಕಾರರ ಹಾವಳಿಯ ಮಾತು ಎದ್ದರೆ ವಿಮಾನದ ಮಾತೂ ಏಳುತ್ತದೆ. ರಾತ್ರಿ ಹೊತ್ತು ದೀಪವಿಲ್ಲದ ವಿಮಾನ ಬರುತ್ತಿತ್ತು, ಬಂದೂಕಿನ ಪೆಟ್ಟಿಗೆ ಇಳಿಸಿ ಬೆಳಗಾಗುವುದರೊಳಗೆ ಹೊರಟುಬಿಡುತ್ತಿತ್ತು ಎನ್ನುವವರಿದ್ದಾರೆ. "ಎಲ್ಲಿ ಇಳೀತಿತ್ತು ಕಾಕಾ?" ಎಂದರೆ ಕೈ ಮುಲ್ಲಾಮಾರಿ ಹೊಳೆಯ ಕಡೆ ಹೋಗುತ್ತದೆ. "ಇಲ್ಲೇರಿ, ಎರಿ ಹೊಲದಾಗ. ನಮ್ಮಪ್ಪ ಖುದ್ದ ನೋಡ್ಯಾನ."

1948ರ ಮಳೆಗಾಲದಲ್ಲಿ ಕರಾಚಿಯಿಂದ ಹೈದರಾಬಾದ್ ಸಂಸ್ಥಾನಕ್ಕೆ ಗುಟ್ಟಾಗಿ ಶಸ್ತ್ರ ಹೊತ್ತ ವಿಮಾನಗಳು ಬಂದದ್ದು ನಿಜ. ಅದರಲ್ಲಿ ತಕರಾರಿಲ್ಲ. ಅವು ಯಾವ ವಿಮಾನ, ಇಳಿದದ್ದು ಎಲ್ಲಿ, ತಂದದ್ದು ಎಷ್ಟು ಎಂಬ ಮೂರು ಪ್ರಶ್ನೆ ಇಟ್ಟುಕೊಂಡು ನಾನು ಕಡತ ಹಿಡಿದೆ. ಮೂರಕ್ಕೂ ಉತ್ತರ ಒಂದೇ ಜಾಗದಲ್ಲಿ ಸಿಗಲಿಲ್ಲ. ಮೊದಲನೆಯದು ಪುಸ್ತಕಗಳಲ್ಲಿತ್ತು, ಎರಡನೆಯದಕ್ಕೆ ಮಣ್ಣನ್ನು ಕೇಳಬೇಕಾಯಿತು, ಮೂರನೆಯದಕ್ಕೆ ತಕ್ಕಡಿಯೇ ಬೇಕಾಯಿತು.

ಭೂಮಿಯ ಕಾಗದ

ಗುಟ್ಟಿನ ಕೆಲಸಕ್ಕೆ ಕಾಗದ ಇರುವುದಿಲ್ಲ, ಸರಿ. ಆದರೆ ವಿಮಾನಕ್ಕೆ ನೆಲ ಬೇಕು. ನೆಲದ ಮೇಲೆ ಏನೇ ಆದರೂ ಕಂದಾಯದವರ ಕಾಗದದಲ್ಲಿ ಎಲ್ಲೋ ಒಂದು ಕಡೆ ಅದರ ಗುರುತು ಬೀಳುತ್ತದೆ. ಸರ್ಕಾರಿ ಕೆಲಸಕ್ಕೆ ಹೊಲ ಹೋಗಿದ್ದರೆ ಸಾಗುವಳಿ ನಿಂತಿರುತ್ತದೆ, ಪಟ್ಟೆದಾರನ ಹೆಸರಿನ ಮುಂದೆ ಷರಾ ಇರುತ್ತದೆ, ಪರಿಹಾರದ ಅರ್ಜಿ ಇರುತ್ತದೆ. ಹಾಗಾಗಿ ನಾನು ವಿಮಾನದಿಂದಲ್ಲ, ಪಹಣಿಯಿಂದ ಶುರುಮಾಡಿದೆ.

ಈ ಭಾಗದಲ್ಲಿ ಹಳೆಯ ದಾಖಲೆ ಹುಡುಕುವವರಿಗೆ ಎರಡು ತೊಡಕು. ಒಂದು ಭಾಷೆ: ಚಿಂಚೋಳಿ, ಸೇಡಂ, ಚಿತ್ತಾಪುರ ಎಲ್ಲವೂ ಆಗ ನಿಜಾಮನ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು, ಕಚೇರಿ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಇನ್ನೊಂದು ಕಾಲಗಣನೆ: ಕಾಗದದ ಮೇಲಿರುವುದು ಫಸಲಿ ವರ್ಷ. 1947ರ ಅಕ್ಟೋಬರಿನಿಂದ 1948ರ ಸೆಪ್ಟೆಂಬರ್‌ವರೆಗಿನ ಗದ್ದಲದ ವರ್ಷ ಅಲ್ಲಿ ಫಸಲಿ 1357. ಇಸವಿ ಹುಡುಕುತ್ತ ಕೂತರೆ ಕಡತ ಕಣ್ಣೆದುರಿಗಿದ್ದರೂ ಸಿಗದು. ಸಂಸ್ಥಾನದ ದೊಡ್ಡ ದಫ್ತರವೆಲ್ಲ ಈಗ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ನಮ್ಮ ಹೊಲದ ಚರಿತ್ರೆ ಓದಬೇಕಾದರೆ ಬೇರೆ ರಾಜ್ಯದ ಬಾಗಿಲು ತಟ್ಟಬೇಕು.

ಇವಕ್ಕೆಲ್ಲ ಪೂರಕವಾಗಿ ಒದಗುವುದು 1954-55ರ ಖಾಸ್ರಾ ಪಹಣಿ. 1948ರ ಸೆಪ್ಟೆಂಬರಿನಲ್ಲಿ ಭಾರತ ಸಂಸ್ಥಾನದ ಮೇಲೆ ನಡೆಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಏಳು ವರ್ಷದೊಳಗೆ ಬರೆದದ್ದು, ಸರ್ವೆ ನಂಬರಿನವಾರು ಯಾರು ಒಡೆಯ, ಯಾರು ಉಳುವವ, ಯಾವ ಬೆಳೆ ಎಂದು ಹೇಳುವಂಥದ್ದು. ನಾನು ನೋಡಿದ ಹಾಳೆಗಳಲ್ಲಿ ಬೆಳೆ ಇದೆ, ಪಡಾ ಇದೆ, ಹಳ್ಳ ಇದೆ. ವಿಮಾನದ ಮೈದಾನವಿಲ್ಲ. ಒಂದೆರಡು ಸಾವಿರ ಗಜ ಉದ್ದದ ಪಟ್ಟಿ ಏಳು ವರ್ಷದಲ್ಲಿ ಕಾಗದದಿಂದಲೂ ನೆಲದಿಂದಲೂ ಅಳಿಸಿಹೋಗುವುದಿಲ್ಲ.

ಐವರ ಸಾಕ್ಷಿ

ಹಳ್ಳಿಯ ಕಾಗದ ಬಿಟ್ಟು ಅಚ್ಚಾದ ಪುಸ್ತಕಕ್ಕೆ ಬಂದರೆ ಸಾಕ್ಷಿಗಳಿಗೆ ಬರವಿಲ್ಲ. ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿ ಹೈದರಾಬಾದಿನಲ್ಲಿದ್ದ ಕೆ. ಎಂ. ಮುನ್ಷಿ 1957ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ಸರ್ದಾರ್ ಪಟೇಲರ ಬಲಗೈಯಾಗಿದ್ದ ವಿ. ಪಿ. ಮೆನನ್ ಅದಕ್ಕೆ ಒಂದು ವರ್ಷ ಮೊದಲೇ ಬರೆದಿದ್ದರು. ನಿಜಾಮನ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ ಪಾಕಿಸ್ತಾನಕ್ಕೆ ತಪ್ಪಿಸಿಕೊಂಡು ಹೋಗಿ 1962ರಲ್ಲಿ ತಮ್ಮ ಕಡೆಯ ಕಥೆ ಹೇಳಿದರು. ಸಂಸ್ಥಾನದ ಸೇನಾಪತಿ ಎಲ್ ಇದ್ರೂಸ್ ಅವರ ಆತ್ಮಕಥೆ ಬಹಳ ತಡವಾಗಿ ಬಂತು. ಐದನೆಯವನು ವಿಮಾನ ತಂದವನೇ: ಆಸ್ಟ್ರೇಲಿಯಾದ ಸಿಡ್ನಿ ಕಾಟನ್.

ಕಾಟನ್ ಸಾಮಾನ್ಯ ಆಸಾಮಿಯಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾ ವಿಮಾನದಳದಲ್ಲಿದ್ದವನು. ತೆರೆದ ವಿಮಾನದಲ್ಲಿ ಚಳಿ ತಡೆಯಲು 1917ರಲ್ಲಿ ಅವನು ಹೊಲಿಸಿದ 'ಸಿಡ್‌ಕಾಟ್' ಅಂಗಿಯನ್ನು ಆಮೇಲೆ ಲೋಕದ ಪೈಲಟ್‌ಗಳೆಲ್ಲ ತೊಟ್ಟರು. 1939ರಲ್ಲಿ ವ್ಯಾಪಾರಿಯ ಸೋಗಿನಲ್ಲಿ ಜರ್ಮನಿಯ ಮೇಲೆ ಹಾರಿ, ವಿಮಾನದ ಹೊಟ್ಟೆಯಲ್ಲಿ ಅಡಗಿಸಿಟ್ಟ ಕ್ಯಾಮೆರಾದಿಂದ ಬ್ರಿಟಿಷ್ ಬೇಹುಗಾರಿಕೆಗೆ ಫೋಟೊ ತೆಗೆದುಕೊಟ್ಟ. ಯುದ್ಧ ಮುಗಿದ ಮೇಲೆ ಇಂಥವನಿಗೆ ಕೆಲಸ ಬೇಕಿತ್ತು, ನಿಜಾಮನ ಸರ್ಕಾರಕ್ಕೆ ಇಂಥವನೇ ಬೇಕಿತ್ತು. ಅವನ ಆತ್ಮಕಥೆ ಹೊರಬಂದದ್ದು 1969ರಲ್ಲಿ, ಅವನು ತೀರಿಕೊಂಡ ವರ್ಷವೇ.

ಐವರಿಗೂ ಒಂದೊಂದು ಗರಜು. ದಿಲ್ಲಿ ಕಡೆಯವರಿಗೆ ಸೇನೆ ಕಳಿಸಿದ್ದು ಅನಿವಾರ್ಯವಾಗಿತ್ತು ಎಂದು ತೋರಿಸಬೇಕು, ಪ್ರಧಾನಿಗೆ ತಾನು ಕೈಕಟ್ಟಿ ಕೂರಲಿಲ್ಲ ಎನ್ನಬೇಕು, ಸೇನಾಪತಿಗೆ ಕೈಯಲ್ಲಿ ಹತಾರಿರಲಿಲ್ಲ ಎನ್ನಬೇಕು, ಕಾಟನ್‌ಗೆ ಸಾಹಸದ ಕಥೆ ಬೇಕು. ಹಾಗಿದ್ದೂ ಕೆಲವು ಸಂಗತಿ ಎದುರಾಳಿಗಳ ಬರಹದಲ್ಲೂ ಒಂದೇ ಆಗಿ ಸಿಗುತ್ತವೆ: ವಿಮಾನ ಹೊರಡುತ್ತಿದ್ದದ್ದು ಕರಾಚಿಯಿಂದ, ಇಳಿಯುತ್ತಿದ್ದದ್ದು ಬೀದರ್, ವರಂಗಲ್, ಹಕೀಂಪೇಟೆಗಳಲ್ಲಿ, ವಿಮಾನದ ಜಾತಿ ಆವ್ರೊ ಕಂಪನಿಯ ಲ್ಯಾಂಕಾಸ್ಟ್ರಿಯನ್. ಹಗೆಗಳಿಬ್ಬರೂ ಒಪ್ಪುವ ಮಾತನ್ನು ನಾನು ಗಟ್ಟಿ ಎಂದು ತೆಗೆದುಕೊಂಡೆ. ಚಿಮ್ಮನಚೋಡದ ಹೆಸರು, ಚಿಂಚೋಳಿಯ ಹೆಸರು ಅಲ್ಲೆಲ್ಲೂ ಇಲ್ಲ.

ವಾಡಿಯ ದಾರಿ ಮುಚ್ಚಿದಾಗ

ವಿಮಾನವೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ನಮ್ಮ ವಾಡಿ ಜಂಕ್ಷನ್ನಿನಲ್ಲಿದೆ. ಹೈದರಾಬಾದ್ ಸಂಸ್ಥಾನಕ್ಕೆ ಕಡಲಿಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದ ಮೇಲೆ ಮುಂಬಯಿ ಬಂದರಿನ ಭಾರದ ಸರಕು ರಾಜಧಾನಿಗೆ ಹೋಗುತ್ತಿದ್ದದ್ದು ಇದೇ ಹಾದಿಯಲ್ಲಿ: ಸೋಲಾಪುರ, ಗುಲ್ಬರ್ಗಾ, ಶಹಾಬಾದ್, ವಾಡಿ, ಅಲ್ಲಿ ಗಾಡಿ ತಿರುಗಿ ಚಿತ್ತಾಪುರ, ಸೇಡಂ, ತಾಂಡೂರು. ಈ ಹಳಿಯ ಒಂದು ತುದಿ ಭಾರತದ ಕೈಯಲ್ಲಿತ್ತು.

1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಸಹಿಯ ಮಸಿ ಆರುವ ಮೊದಲೇ ಎರಡೂ ಕಡೆ ದೂರು ಶುರುವಾದವು. 1948ರ ಮೇ 22ರಂದು ಇದೇ ಜಿಲ್ಲೆಯ ಗಾಣಗಾಪುರ ಸ್ಟೇಷನ್ನಿನಲ್ಲಿ ಮುಂಬಯಿ ರೈಲಿನ ಮೇಲೆ ದಾಳಿಯಾಯಿತು. ಅದು ದಿಲ್ಲಿಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಘಟನೆ. ಸಂಸ್ಥಾನಕ್ಕೆ ಹೋಗುವ ಸರಕಿಗೆ ಗಡಿಯಲ್ಲಿ ತಡೆ ಬಿಗಿಯಾಯಿತು. ಶಸ್ತ್ರವಂತೂ ಇಲ್ಲ, ಪೆಟ್ರೋಲಿಗೂ ತತ್ವಾರ. ಗೋವಾದ ಮರ್ಮಗೋವಾ ಬಂದರು ಪೋರ್ಚುಗೀಸರಿಂದ ಸಿಕ್ಕೀತೇ ಎಂದು ನಿಜಾಮನ ಕಡೆಯವರು ವಿಚಾರಿಸಿ ನೋಡಿದ್ದೂ ಉಂಟು. ಬಂದರು ಸಿಗಲಿಲ್ಲ, ಹಳಿ ಮುಚ್ಚಿತು, ಉಳಿದದ್ದು ಆಕಾಶ.

ಗ್ಯಾಲನ್ನಿಗೆ ಒಂದು ಮೈಲಿ

ಲ್ಯಾಂಕಾಸ್ಟ್ರಿಯನ್ ಎಂದರೆ ಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಿಮಾನವೇ. ತೋಪು ಕಿತ್ತು, ಮೂತಿ ಚೂಪು ಮಾಡಿ, ಒಳಗೆ ಆಸನ ಹಾಕಿದರು. ನಾಲ್ಕು ಮರ್ಲಿನ್ ಎಂಜಿನ್, 31 ಮೀಟರ್ ರೆಕ್ಕೆ. ಇಷ್ಟು ದೊಡ್ಡ ವಿಮಾನದಲ್ಲಿ ಕೂರುತ್ತಿದ್ದವರು ಒಂಬತ್ತು ಜನ, ಹೆಚ್ಚೆಂದರೆ ಹದಿಮೂರು. ಲಾಭದ ದೃಷ್ಟಿಯಿಂದ ಕೆಲಸಕ್ಕೆ ಬಾರದ್ದು. ಆದರೆ ದೂರ ಹೋಗಬಲ್ಲದು, 6,600 ಕಿಲೋಮೀಟರಿಗೂ ಮೀರಿ. 1945ರಲ್ಲಿ ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದ್ದು ಇದೇ. 1947ರ ಆಗಸ್ಟ್ 2ರಂದು ಆಂಡಿಸ್ ಪರ್ವತದಲ್ಲಿ ಕಾಣೆಯಾಗಿ ಅರ್ಧ ಶತಮಾನದ ಮೇಲೆ ಹಿಮನದಿಯಿಂದ ಚೂರುಚೂರಾಗಿ ಹೊರಬಂದ 'ಸ್ಟಾರ್ ಡಸ್ಟ್' ಕೂಡ ಲ್ಯಾಂಕಾಸ್ಟ್ರಿಯನ್ನೇ.

ಸಣ್ಣ ಓಡುದಾರಿಗೆ ಹೇಳಿ ಮಾಡಿಸಿದಂತಿದ್ದ ಡಕೋಟಾ ಆಗ ಯುದ್ಧದ ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಅದನ್ನು ಬಿಟ್ಟು ಕಾಟನ್ ಈ ಆನೆಯನ್ನು ಏಕೆ ತಂದ? ನಕಾಶೆ ಹಿಡಿದು ಅಳೆದಾಗ ಗೊತ್ತಾಯಿತು. ಕರಾಚಿಯಿಂದ ಬೀದರಿಗೆ ನೇರ ಗೆರೆಯಲ್ಲಿ ಸುಮಾರು 1,340 ಕಿಲೋಮೀಟರ್. ಹೋಗಿ ಬರಲು 2,680. ಡಕೋಟಾ ತುಂಬಿದ ಟ್ಯಾಂಕಿನಲ್ಲಿ ಹೋಗುವುದು 2,500ರ ಆಸುಪಾಸು. ಬೀದರಿನಲ್ಲಿ ಪೆಟ್ರೋಲು ಹಾಕಿಸಿಕೊಳ್ಳದೆ ಅದು ಮರಳುವಂತಿಲ್ಲ, ದಿಗ್ಬಂಧನದ ರಾಜ್ಯದಲ್ಲಿ ಪೆಟ್ರೋಲೇ ಚಿನ್ನ. ಲ್ಯಾಂಕಾಸ್ಟ್ರಿಯನ್ ಎರಡೂ ಕಡೆಯ ಇಂಧನ ಹೊತ್ತು ಬಂದು, ಒಂದು ತೊಟ್ಟು ಕೇಳದೆ ಕತ್ತಲಲ್ಲೇ ವಾಪಸಾಗಬಲ್ಲದು. ಕಾಟನ್ ಇಂಥ ಐದು ವಿಮಾನ ಹೊಂದಿಸಿಕೊಂಡಿದ್ದ.

ಈಗ ತಕ್ಕಡಿ. ಖಾಲಿ ಲ್ಯಾಂಕಾಸ್ಟ್ರಿಯನ್ನಿನ ತೂಕ 13.8 ಟನ್, ಪೂರ್ತಿ ಹೊರೆ ಹೊತ್ತು ಏಳಬಹುದಾದದ್ದು 29.5 ಟನ್. ನಡುವಿನ 15.7 ಟನ್ನಿನಲ್ಲೇ ಇಂಧನ, ಎಣ್ಣೆ, ಸಿಬ್ಬಂದಿ, ಸರಕು ಎಲ್ಲ. ಲ್ಯಾಂಕಾಸ್ಟರ್ ಹಾರಿಸಿದವರು ಹೇಳುತ್ತಿದ್ದ ಒರಟು ಲೆಕ್ಕ ಗ್ಯಾಲನ್ನಿಗೆ ಒಂದು ಮೈಲಿ. ಹೋಗಿ ಬರುವ ದಾರಿ 1,670 ಮೈಲಿ, ಅಂದರೆ ಸುಮಾರು ಐದೂವರೆ ಟನ್ ಪೆಟ್ರೋಲು. ಮಳೆಗಾಲದ ರಾತ್ರಿ, ಮೋಡ ಸುತ್ತಿಕೊಂಡು ಬರಬೇಕು, ಕೆಳಗೆ ದಾರಿ ತೋರುವ ರೇಡಿಯೊ ಇಲ್ಲ, ಬೀದರ್ ಕಾಣದಿದ್ದರೆ ಹಿಂದಿರುಗಲು ಮಿಗತೆ ಬೇಕು. ಅದಕ್ಕೊಂದು ಟನ್ನಿನ ಮೇಲೆ ಇಡಿ. ಸಿಬ್ಬಂದಿ, ಎಂಜಿನ್ ಎಣ್ಣೆ ಕಳೆಯಿರಿ. ಇಕ್ಕಟ್ಟಿನ ಬಾಂಬರ್ ಮೈಯೊಳಗೆ ಪೆಟ್ಟಿಗೆ ಜೋಡಿಸುವ ಕಷ್ಟ ಗಣಿಸಿದರೆ ಒಂದು ಸಾರಿಗೆ ಏಳೆಂಟು ಟನ್ ಸರಕು. ಇದು ನನ್ನ ಅಂದಾಜು, ಆದರೆ ಇದನ್ನು ಬಹಳ ಹಿಗ್ಗಿಸಲು ಭೌತಶಾಸ್ತ್ರ ಬಿಡುವುದಿಲ್ಲ.

ಒಂದು .303 ರೈಫಲ್ ಸುಮಾರು ನಾಲ್ಕು ಕಿಲೋ. ಅದರ ಸಾವಿರ ಕಾಡತೂಸು 25 ಕಿಲೋ. ಏಳು ಟನ್ನಿನಲ್ಲಿ ಪೆಟ್ಟಿಗೆಯ ಭಾರ ಬಿಟ್ಟರೂ 1,750 ರೈಫಲ್, ಒಂದೂ ಗುಂಡಿಲ್ಲದೆ. ಸಂಸ್ಥಾನದ ಸೇನೆಯಲ್ಲಿ ಇದ್ದವರು ಸುಮಾರು 22,000. ಅವರಿಗೆ ಒಂದೊಂದು ಹೊಸ ರೈಫಲ್ ಕೊಡಲು 88 ಟನ್, ಹದಿಮೂರು ಹಾರಾಟ. ರಜಾಕಾರರು ಎರಡು ಲಕ್ಷ ಎಂಬ ಅಂದಾಜನ್ನು ಹಿಡಿದರೆ ಅವರಿಗೆ ಬಂದೂಕು ಹಂಚಲು 800 ಟನ್, ನೂರಕ್ಕೂ ಮೀರಿದ ಹಾರಾಟ. ಗುಂಡು, ಮೆಷಿನ್ ಗನ್, ಔಷಧಿ ಬೇರೆ. ಐದು ವಿಮಾನ, ನಾಲ್ಕು ತಿಂಗಳ ಮಳೆ. 'ಲಕ್ಷ ಬಂದೂಕು ಬಂದವು' ಎಂಬ ಮಾತು ಈ ತಕ್ಕಡಿಯಲ್ಲಿ ನಿಲ್ಲುವುದಿಲ್ಲ.

ಮುರುಮಿನ ಊರು

ಎರಡನೆಯ ಪ್ರಶ್ನೆಗೆ ಬಂದೆ: ಇಳಿದದ್ದು ಬೀದರಿನಲ್ಲೇ ಏಕೆ, ಎರಿ ಹೊಲದಲ್ಲಿ ಏಕಲ್ಲ?

ಜೂನ್ ಮಳೆ ಬಿದ್ದ ಮೇಲೆ ನಮ್ಮ ಕರಿ ಎರಿಯಲ್ಲಿ ನಡೆದವರಿಗೆ ವಿವರಣೆ ಬೇಡ. ಚಪ್ಪಲಿ ಎತ್ತಿದರೆ ಸೇರು ಮಣ್ಣು ಜೊತೆಗೆ ಬರುತ್ತದೆ. ಬಂಡಿಯ ಗಾಲಿ ಗುಂಬದವರೆಗೆ ಇಳಿಯುತ್ತದೆ, ಟ್ರ್ಯಾಕ್ಟರು ಸಿಕ್ಕಿಬಿದ್ದರೆ ಇನ್ನೊಂದು ಟ್ರ್ಯಾಕ್ಟರು ಬರಬೇಕು. ಬೇಸಿಗೆಯಲ್ಲಿ ಇದೇ ಭೂಮಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹತ್ತಾರು ಟನ್ನಿನ ವಿಮಾನ ಎರಡು ದೊಡ್ಡ ಗಾಲಿ, ಒಂದು ಬಾಲದ ಗಾಲಿಯ ಮೇಲೆ ಬಂದು ಕೂತರೆ ಮೊದಲ ನೂರು ಗಜದಲ್ಲೇ ಮೂತಿ ಊರುತ್ತದೆ. ಬ್ರಿಟನ್ನಿನಲ್ಲಿ ಈ ಜಾತಿಯ ಬಾಂಬರುಗಳಿಗೆ ಎಂದು ಗೊತ್ತುಮಾಡಿದ್ದ ಮುಖ್ಯ ಓಡುದಾರಿಯೇ 2,000 ಗಜದ್ದು, ಅದೂ ಗಟ್ಟಿ ಕಟ್ಟಿದ್ದು.

ಚಿಮ್ಮನಚೋಡದಿಂದ ಬಾಣದ ದಾರಿಯಲ್ಲಿ ಐವತ್ತು ಕಿಲೋಮೀಟರಿನಷ್ಟು ದೂರದ ಬೀದರ್ ಬೇರೆಯೇ ನೆಲ. ಅದು ಜಂಬಿಟ್ಟಿಗೆಯ ಎತ್ತರದ ಬಯಲು. ಮೇಲೆ ಕೆಂಪು ಮುರುಮು, ಬಿದ್ದ ನೀರು ಕೆಳಗೆ ಜಾರಿ ಹೋಗುತ್ತದೆ. ಆ ನೀರನ್ನು ನೆಲದಡಿಯಿಂದಲೇ ಊರಿಗೆ ತರಲು ಬಹಮನಿಗಳ ಕಾಲದಲ್ಲಿ ಕಾರೇಜ್ ಎಂಬ ಸುರಂಗ ಕಾಲುವೆ ಕೊರೆದದ್ದು ಈ ಕಲ್ಲಿನ ಗುಣದಿಂದಲೇ ಸಾಧ್ಯವಾಯಿತು. ಮಳೆಗಾಲದಲ್ಲೂ ಗಟ್ಟಿ ನಿಲ್ಲುವ, ಸಪಾಟಾದ, ಪಶ್ಚಿಮದಿಂದ ಬರುವವರಿಗೆ ರಾಜಧಾನಿಗಿಂತ ಮೊದಲು ಸಿಗುವ ಇಳಿದಾಣ. ಕರಾಚಿಯಿಂದ ಹಕೀಂಪೇಟೆಗೆ ಗೆರೆ ಎಳೆದರೂ ಅದು ಬೀದರಿನ ಆಸುಪಾಸಿನಲ್ಲೇ ಹಾಯುತ್ತದೆ. 1963ರಿಂದ ವಾಯುಪಡೆ ಅಲ್ಲಿ ಪೈಲಟ್‌ಗಳನ್ನು ತರಬೇತುಗೊಳಿಸುತ್ತ ಬಂದಿದೆ. ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಅಲ್ಲೇ.

ಅದೇ ಬೇಸಿಗೆ, ಇನ್ನೊಂದು ಓಡುದಾರಿ

ಹಾಗಾದರೆ ಒರಟು ನೆಲದಲ್ಲಿ ವಿಮಾನ ಇಳಿಸಿದವರೇ ಇರಲಿಲ್ಲವೆ? ಇದ್ದರು, ಅದೇ ವರ್ಷ. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಒಂದು ಡಕೋಟಾವನ್ನು ಲೇಹ್‌ನಲ್ಲಿ ಇಳಿಸಿದರು. ಹತ್ತು ಸಾವಿರ ಅಡಿ ಮೀರಿದ ಎತ್ತರ, ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರು ಸಿಂಧೂ ನದಿಯ ಬಳಿ ಊರವರನ್ನು ಕಟ್ಟಿಕೊಂಡು ಹಸನು ಮಾಡಿದ ಮಣ್ಣಿನ ಪಟ್ಟಿ. ವಿಮಾನದೊಳಗೆ ಇದ್ದವರು ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ದಂಡನಾಯಕನೇ ಮೊದಲ ವಿಮಾನದಲ್ಲಿ ಬಂದ ಮೇಲೆ ಹಿಂದಿನವರು ಅಳುಕಲಿಲ್ಲ.

ಲೇಹ್‌ನ ಪಟ್ಟಿ, ನಮ್ಮ ಎರಿ ಹೊಲದ ಕಥೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ವ್ಯತ್ಯಾಸ ಸ್ಪಷ್ಟವಾಯಿತು. ಲೇಹ್‌ನ ಪಟ್ಟಿ ಗುಟ್ಟಿನದಲ್ಲ, ಊರೇ ಕೈಹಾಕಿ ಕಟ್ಟಿದ್ದು, ಕಟ್ಟಿದವನ ಹೆಸರು ಉಳಿದಿದೆ. ಮೂರು ಟನ್ನಿಗಿಂತ ಕಡಿಮೆ ಹೊರುವ ಡಕೋಟಾ ಕೂಡ ಇಳಿಯಬೇಕಾದರೆ ಇಷ್ಟು ಜನರ ಬೆವರು ಬೇಕು. ಮುಂದೆ ಗಿಡ್ಡ ಓಡುದಾರಿಗೆಂದೇ ಮಾಡಿದ ಕೆನಡಾದ ಕ್ಯಾರಿಬು, ಸೋವಿಯತ್ ದೇಶದ ಆನ್-32 ನಮ್ಮ ವಾಯುಪಡೆಗೆ ಬಂದವು. ಆಮೇಲೆ ಬಂದ ಸಿ-295 ಕೂಡ ಅದೇ ಮನೆತನದ್ದು. 1948ರಲ್ಲಿ ಕಾಟನ್ ಕೈಯಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಅವನ ವಿಮಾನ ಒರಟು ಹೊಲಕ್ಕೆ ಹುಟ್ಟಿದ್ದಲ್ಲ, ಇಂಗ್ಲೆಂಡಿನ ಕಾಂಕ್ರೀಟಿಗೆ ಹುಟ್ಟಿದ್ದು.

ಐದು ದಿನ

1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೇನೆ ನಳದುರ್ಗದ ಕಡೆಯಿಂದ ಒಳನುಗ್ಗಿತು. ವಾಯುಪಡೆಯ ಟೆಂಪೆಸ್ಟ್‌ಗಳು ಹೊಡೆದ ಗುರಿಗಳಲ್ಲಿ ಬೀದರ್, ವರಂಗಲ್ ವಿಮಾನ ನಿಲ್ದಾಣಗಳಿದ್ದವು. ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ 1972ರಲ್ಲಿ ಪ್ರಕಟಿಸಿದ ಎಸ್. ಎನ್. ಪ್ರಸಾದ್ ಅವರ ಪುಸ್ತಕದಲ್ಲಿ ಇದರ ವಿವರವಿದೆ. ಎಲ್ಲಿ ಬಾಂಬು ಬಿತ್ತು ಎಂಬುದೇ ಎಲ್ಲಿ ವಿಮಾನ ಇಳಿಯುತ್ತಿತ್ತು ಎಂಬುದಕ್ಕೆ ಇನ್ನೊಂದು ಸಾಕ್ಷಿ. ಹೈದರಾಬಾದಿನ ದೂರು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿಯ ಮುಂದೆ ಬಂದದ್ದು 16ರಂದು. 17ಕ್ಕೆ ನಿಜಾಮ ರೇಡಿಯೊದಲ್ಲಿ ಸೋಲೊಪ್ಪಿದ, 18ಕ್ಕೆ ಎಲ್ ಇದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧುರಿಗೆ ಶರಣಾದರು. ಈ ಶಸ್ತ್ರ ಸಾಗಣೆಗಾಗಿ ಕಾಟನ್‌ಗೆ ಬ್ರಿಟನ್ನಿನ ನ್ಯಾಯಾಲಯ ಹಾಕಿದ ದಂಡ 200 ಪೌಂಡ್.

ಅಂದರೆ ಸರಕು ಮಾಡದ ಕೆಲಸವನ್ನು ಸುದ್ದಿ ಮಾಡಿತು. ವಿಮಾನ ಬರುತ್ತಿದೆ ಎಂಬ ಭರವಸೆಯಲ್ಲಿ ಹೈದರಾಬಾದಿನ ಮಂತ್ರಿಗಳು ಸಂಧಾನದ ಬಾಗಿಲು ಹಾಕಿಕೊಂಡರು. ವಿಮಾನ ಬರುತ್ತಿದೆ ಎಂಬ ಕಾರಣ ದಿಲ್ಲಿಯ ಅವಸರಕ್ಕೆ ಒದಗಿತು.

ಹಳ್ಳಿಯಲ್ಲಿ ಆ ಸುದ್ದಿ ಬೇರೆ ಕೆಲಸ ಮಾಡಿತು ಎಂದು ನನಗೆ ಈಗ ಅನಿಸುತ್ತದೆ. ಈ ಕಡತಗಳ ನಡುವೆಯೇ ಇನ್ನೆರಡು ಸಂಗತಿ ಇವೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಊರವರನ್ನು ಕೊಂದದ್ದು 1948ರ ಮೇ ತಿಂಗಳಲ್ಲಿ. ಅದಕ್ಕೆ ಲ್ಯಾಂಕಾಸ್ಟ್ರಿಯನ್ನಿನ ಸರಕು ಬೇಕಾಗಲಿಲ್ಲ. ಕಾರ್ಯಾಚರಣೆ ಮುಗಿದ ಮೇಲೆ ಸಂಸ್ಥಾನದಲ್ಲಿ ಸುತ್ತಾಡಿದ ಪಂಡಿತ್ ಸುಂದರಲಾಲ್ ಸಮಿತಿ, ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕೇ ಜಿಲ್ಲೆಗಳಲ್ಲಿ ಸತ್ತವರು 18,000ಕ್ಕೆ ಕಡಿಮೆಯಿಲ್ಲ ಎಂದು ಬರೆಯಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಆ ವರದಿ ದಶಕಗಳ ಕಾಲ ಬೀರುವಿನಲ್ಲಿದ್ದು 2013ರಲ್ಲಿ ಓದಲು ಸಿಕ್ಕಿತು. ಆ ಸಾವುಗಳಿಗೂ ಹೊರಗಿನ ವಿಮಾನ ಬೇಕಾಗಲಿಲ್ಲ. ಎರಡೂ ಸಲ ಕೊಂದವರಲ್ಲಿ ಸತ್ತವರಿಗೆ ಗುರುತಿದ್ದ ಮುಖಗಳಿದ್ದವು.

ರಾತ್ರಿ ವಿಮಾನದ ಕಥೆ ಏಕೆ ಇಷ್ಟು ಗಟ್ಟಿಯಾಗಿ ಉಳಿಯಿತು, ಬೀದರಿನಿಂದ ಸರಿದು ನಮ್ಮ ಹೊಲಕ್ಕೆ ಏಕೆ ಬಂತು ಎಂಬುದಕ್ಕೆ ನನಗೆ ಇದೇ ಕಾರಣ ಕಾಣುತ್ತದೆ. ಕೆಟ್ಟದ್ದು ಕರಾಚಿಯಿಂದ ಪೆಟ್ಟಿಗೆಯಲ್ಲಿ ಬಂತು ಎಂದರೆ ಅದರ ಲೆಕ್ಕ ಊರು ಕೊಡಬೇಕಾಗಿಲ್ಲ. ಒಂದು ಸಾರಿಗೆ ಏಳೆಂಟು ಟನ್ ಹೊರುತ್ತಿದ್ದ ವಿಮಾನದ ಮೇಲೆ ನಾವು ಆ ವರ್ಷದ ಪೂರ್ತಿ ಭಾರ ಹೇರಿದ್ದೇವೆ.

ಮುಂದೆ ಈ ದಾರಿಯಲ್ಲಿ ಬರುವವರಿಗೆ ಕೆಲಸ ಬಹಳ ಉಳಿದಿದೆ. ಬೀದರ್ ಇಳಿದಾಣಕ್ಕೆ ಹೋದ ಹೊಲಗಳ ಫಸಲಿ ಕಡತ, ಅದರ ಸುತ್ತಿನ ಹಳ್ಳಿಗಳಲ್ಲಿ ಪೆಟ್ಟಿಗೆ ಹೊತ್ತ ಕೂಲಿಗಳ ಮಕ್ಕಳ ಮಾತು, ಉರ್ದು ಬಲ್ಲ ಒಬ್ಬ ಜೊತೆಗಾರ, ಇಷ್ಟಿದ್ದರೆ ಶುರುಮಾಡಬಹುದು. ಮಾತಾಡುವವರ ವಯಸ್ಸು ಎಂಬತ್ತು ದಾಟಿದೆ. ಅವರನ್ನು ಕೇಳುವಾಗ ವಿಮಾನದ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕೂರಬೇಕು. ಆ ವರ್ಷ ಊರೊಳಗೆ ಏನಾಯಿತು ಎಂದು ಕೇಳಬೇಕಾದ್ದು ಆಗಲೇ.